ಮುಖಗವಸಿನ ಮೇಲಣ ಮುಖ

ಮುಖವು ಮನಸ್ಸಿನ ಕನ್ನಡಿಯೆಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆ ಕನ್ನಡಿಯ ಅರ್ಧಭಾಗವನ್ನು ಬಟ್ಟೆಯಿಂದ ಮುಚ್ಚಿಕೊಂಡು ಲೋಕಕ್ಕೆ ಲೋಕವೇ ಎರಡು ವರ್ಷಗಳ ಕಾಲ ನಡೆದಾಡಬೇಕಾಗಿ ಬಂದುದನ್ನು ಈ ಸಂಚಿಕೆಯ ವಾಚಕರಲ್ಲಿ ಮರೆತವರು ಯಾರೂ ಇರಲಾರರು. 2020ನೆಯ ಇಸವಿ ಮಾರ್ಚಿ ತಿಂಗಳು 25ನೆಯ ತಾರೀಖಿನಿಂದ ದೇಶವೆಲ್ಲವೂ ಬಾಗಿಲು ಹಾಕಿಕೊಂಡಿತು. ಅಟ್ಟೂರಿನ ಬಡಾವಣೆಗಳಲ್ಲಿ ಬೆಳಗಿನ ಗಲಭೆ ಅಡಗಿತು. ಯಲಹಂಕದ ರಸ್ತೆಗಳು ಬರಿದಾದುವು. ಶಾಲೆಯ ಗಂಟೆಯ ನಾದ ನಿಂತುಹೋಯಿತು. ಮತ್ತೆ ಬಾಗಿಲು ತೆರೆದಾಗ ನಮ್ಮ ಹುಡುಗಿಯರು ಮುಖಗವಸು ಧರಿಸಿಯೇ ಒಳಗೆ ಬಂದರು. ಅವರನ್ನು ಕಣ್ಣುಗಳಿಂದಲೇ ಗುರುತಿಸುವುದನ್ನು ಉಪಾಧ್ಯಾಯಿನಿಯರು ಕಲಿತುಕೊಂಡರು.

ಈ ಸ್ಮರಣ ಸಂಚಿಕೆಯ ಕೆಲಸ ಪ್ರಾರಂಭವಾದಾಗ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಒಂದು ಸೂಚನೆಯನ್ನು ನಮ್ಮ ಮುಂದಿಟ್ಟರು. ಹಿಂದಿನ ಕಾಲದ ಚಿತ್ರಗಾರರು ಬರೆದ ಪ್ರಸಿದ್ಧ ಸ್ತ್ರೀಯರ ಭಾವಚಿತ್ರಗಳನ್ನು ಬಟ್ಟೆಯ ಮುಖಗವಸುಗಳ ಮೇಲೆ ಅಚ್ಚು ಹಾಕಿಸಿ, ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಮಾರಿ, ಬಂದ ಹಣವನ್ನು ಬಡ ಹುಡುಗಿಯರ ಶುಲ್ಕಕ್ಕಾಗಿ ವಿನಿಯೋಗಿಸಬಹುದೆಂಬುದೇ ಆ ಸೂಚನೆ. ಇದನ್ನು ಕೇಳಿ ಸಂತೋಷಪಟ್ಟವರು ಅನೇಕರು. ಆದರೆ ಪೋಷಕರಲ್ಲಿ ಕೆಲವರು ಮುಖ ಸಿಂಡರಿಸಿದರು. ಮಾನ್ಯರಾದವರ ಮುಖವನ್ನು ಕೆಮ್ಮು, ಉಸಿರು, ಎಂಜಲು ತಗಲುವ ಬಟ್ಟೆಯ ಮೇಲೆ ಇಡುವುದು ಮರ್ಯಾದೆಯೇ ಎಂದು ಅವರು ಕೇಳಿದರು. ರೋಗವೇ ಹಿಂಜರಿದ ಮೇಲೆ ಅದರ ವೇಷವನ್ನು ನಾವೇಕೆ ಉಳಿಸಿಕೊಳ್ಳಬೇಕೆಂದು ಮತ್ತೆ ಕೆಲವರು ಕೇಳಿದರು. ಎರಡು ಪ್ರಶ್ನೆಗಳೂ ತಳ್ಳಿಹಾಕತಕ್ಕವುಗಳಲ್ಲ. ಆದಕಾರಣ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವೇನೆಂಬುದನ್ನು ವಾಚಕರ ಮುಂದೆ ಸಾವಕಾಶವಾಗಿ ಇಡಲು ಅಪ್ಪಣೆ ಬೇಡುತ್ತೇವೆ.

ಚಿತ್ರವುಳ್ಳ ಮುಖಗವಸು ಹೇಗೆ ಬಂತೆಂಬುದನ್ನು ಮೊದಲು ನೆನೆಯೋಣ. 2020ರ ಏಪ್ರಿಲ್ ತಿಂಗಳ ಮೊದಲಲ್ಲಿ ಕೇಂದ್ರ ಸರಕಾರದವರು ಜನರು ಮನೆಯಲ್ಲಿಯೇ ಬಟ್ಟೆಯ ಮುಖಗವಸುಗಳನ್ನು ಮಾಡಿಕೊಂಡು ಧರಿಸಬೇಕೆಂದು ಸಲಹೆ ಕೊಟ್ಟರು. ವೈದ್ಯರಿಗೂ ದಾದಿಯರಿಗೂ ಬೇಕಾದ ಮುಖಗವಸುಗಳಿಗೆ ಕೊರತೆ ಬಾರದಿರಲೆಂಬುದೂ ಆ ಸಲಹೆಯ ಒಂದು ಉದ್ದೇಶವಾಗಿತ್ತು. ಆಗ ಮನೆಮನೆಯಲ್ಲಿ ಹಳೆಯ ಹತ್ತಿ ಸೀರೆಗಳೂ ಪಂಚೆಗಳೂ ಕತ್ತರಿಗೆ ಸಿಕ್ಕಿದುವು. ಮೂಲೆಯಲ್ಲಿ ಧೂಳು ಹಿಡಿದಿದ್ದ ಹೊಲಿಗೆಯಂತ್ರಗಳಿಗೆ ಎಣ್ಣೆ ಬಿದ್ದಿತು. ಅಮ್ಮನ ಸೀರೆಯ ಅಂಚು ಮಗಳ ಗಲ್ಲದ ಮೇಲೆ ಬಂತು. ಆ ಮೊದಲ ಮುಖಗವಸುಗಳಲ್ಲಿ ಅಲಂಕಾರವೆಂಬುದು ಏನಾದರೂ ಇದ್ದರೆ ಅದು ಬಟ್ಟೆಯಲ್ಲಿ ಮೊದಲೇ ಇದ್ದ ಹೂವೋ ಗೆರೆಯೋ ಆಗಿತ್ತು.

ಕೆಲವು ತಿಂಗಳು ಕಳೆಯುವಷ್ಟರಲ್ಲಿ ಸ್ಥಿತಿ ಬದಲಾಯಿತು. ಅಂಗಡಿಗಳಲ್ಲಿ ಸೀರೆಗೆ ಹೊಂದುವ ಮುಖಗವಸುಗಳು ಬಂದುವು. ಮದುವೆಗೆಂದು ರೇಷ್ಮೆಯವು ಬಂದುವು. ಬಿಹಾರ ಪ್ರಾಂತದ ಮಧುಬನಿ ಚಿತ್ರಗಾರರು ತಮ್ಮ ಮೀನು, ನವಿಲು, ಹೂಬಳ್ಳಿಗಳನ್ನು ಅವುಗಳ ಮೇಲೆ ಬರೆದು, ಸಂತೆಯಿಲ್ಲದ ಕಾಲದಲ್ಲಿ ಹೊಟ್ಟೆ ಹೊರೆದುಕೊಂಡರು. ಯೂರೋಪಿನ ಚಿತ್ರಶಾಲೆಗಳ ಪ್ರಸಿದ್ಧ ಮುಖಗಳು ಸಹ ಬಟ್ಟೆಗೆ ಇಳಿದುವು. ಲಿಯೊನಾರ್ಡೊ ಡ ವಿಂಚಿ ಬರೆದ ಮೋನಾ ಲಿಸಾಳ ಮೂಗು, ತುಟಿ, ಗಲ್ಲಗಳಷ್ಟನ್ನೇ ಅಚ್ಚು ಹಾಕಿದ ಮುಖಗವಸನ್ನು ಧರಿಸಿದರೆ, ಮೇಲೆ ಧರಿಸಿದವಳ ಕಣ್ಣು, ಕೆಳಗೆ ನಾಲ್ಕೈದು ಶತಮಾನಗಳ ಹಿಂದಿನ ಆ ಮುಗುಳುನಗೆ! ಕೇರಳದ ಕೊಟ್ಟಾಯಂ ಕಡೆಯ ಒಬ್ಬ ಛಾಯಾಚಿತ್ರಗಾರರು ಗಿರಾಕಿಗಳ ಸ್ವಂತ ಮುಖದ ಕೆಳಭಾಗವನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿಕೊಟ್ಟರು. ಮುಚ್ಚಿದ ಮುಖ ಮುಚ್ಚಿದಂತೆಯೇ ಇದ್ದು ತೆರೆದಂತೆಯೂ ಕಾಣುತ್ತಿತ್ತು.

ಇದೆಲ್ಲವನ್ನೂ ಬರಿಯ ಹುಡುಗಾಟವೆಂದು ನಾವು ಹಳಿಯುವುದಿಲ್ಲ. ಮನೆಯ ಪಕ್ಕದಲ್ಲಿಯೇ ಸಾವು ನಡೆಯುತ್ತಿದ್ದ ಕಾಲದಲ್ಲಿ ಒಂದು ಸಣ್ಣ ನಗೆ ಸಹ ದೇವರ ಕೃಪೆಯೆಂದೇ ನಾವು ತಿಳಿಯುತ್ತೇವೆ. ಬರಿಯ ಬಟ್ಟೆಯನ್ನು ಕಂಡು ಅಳುತ್ತಿದ್ದ ಮಗು ಹೂವಿನ ಚಿತ್ರವುಳ್ಳದ್ದನ್ನು ತಾನೇ ಕೇಳಿ ಕಟ್ಟಿಸಿಕೊಂಡಿತೆಂದರೆ, ಆ ಹೂವು ತನ್ನ ಕೆಲಸವನ್ನು ಮಾಡಿತೆಂದೇ ಹೇಳಬೇಕು. ಆದರೆ ಹೂವಿನ ಚಿತ್ರ ಬೇರೆ, ಮನುಷ್ಯನ ಭಾವಚಿತ್ರ ಬೇರೆ. ಭಾವಚಿತ್ರವು ಒಬ್ಬ ವ್ಯಕ್ತಿಯದು. ಆ ವ್ಯಕ್ತಿಗೆ ಹೆಸರುಂಟು, ಮಾನವುಂಟು, ಚರಿತ್ರೆಯುಂಟು. ಆದಕಾರಣ ಅದನ್ನು ಉಪಯೋಗಿಸುವವರ ಮೇಲೆ ಒಂದು ಹೊಣೆ ಬೀಳುತ್ತದೆ. ಆ ಹೊಣೆಯೇನೆಂಬುದೇ ಈ ಲೇಖನದ ವಿಷಯ.

ಮಾನ್ಯರ ಮುಖವನ್ನು ಇಂಥ ಬಟ್ಟೆಯ ಮೇಲೆ ಇಡುವುದು ಅಗೌರವವೇ? ಈ ಪ್ರಶ್ನೆಗೆ ಉತ್ತರವಾಗಿ ಪುರಾತನ ಸಭೆಯ ಒಂದು ಐತಿಹ್ಯವನ್ನು ನೆನಪಿಗೆ ತರುತ್ತೇವೆ. ಇದು ಸತ್ಯವೇದದಲ್ಲಿ ಬರೆದ ಸಂಗತಿಯಲ್ಲ. ಭಕ್ತರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಕಥೆ. ಕರ್ತನು ಶಿಲುಬೆಯನ್ನು ಹೊತ್ತು ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದಾಗ ವೆರೋನಿಕಳೆಂಬ ಸ್ತ್ರೀಯು ಗುಂಪನ್ನು ಸೀಳಿಕೊಂಡು ಬಂದು, ಆತನ ಮುಖದ ಬೆವರನ್ನೂ ರಕ್ತವನ್ನೂ ತನ್ನ ವಸ್ತ್ರದಿಂದ ಒರಸಿದಳಂತೆ. ಆ ಬಟ್ಟೆಯ ಮೇಲೆ ಆತನ ಮುಖದ ಗುರುತು ಉಳಿಯಿತಂತೆ. ಯೂರೋಪಿನ ಚಿತ್ರಗಾರರು ಈ ಸಂಗತಿಯನ್ನು ಎಷ್ಟೋ ಬಾರಿ ಬರೆದಿದ್ದಾರೆ. ಐತಿಹ್ಯವು ನಿಜವೋ ಅಲ್ಲವೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಅದರಲ್ಲಿರುವ ಕ್ರಮವನ್ನು ಮಾತ್ರ ಗಮನಿಸಿರಿ. ಬೆವರೊರಸಿದ ಬಟ್ಟೆಯೆಂದು ಅದನ್ನು ಯಾರೂ ಹೊಲಸೆನ್ನಲಿಲ್ಲ. ಆಕೆ ಚಿತ್ರವನ್ನು ಪಡೆಯಬೇಕೆಂದು ಬಟ್ಟೆಯನ್ನು ಚಾಚಿದವಳೂ ಅಲ್ಲ. ದಯೆಯಿಂದ ಚಾಚಿದಳು, ಮುಖವು ತಾನಾಗಿ ಮೂಡಿತು. ದಯೆ ಮೊದಲು, ಚಿತ್ರ ಆಮೇಲೆ.

ನಮ್ಮ ಅಭಿಪ್ರಾಯಕ್ಕೆಲ್ಲ ಇದೇ ತಳಹದಿ. ನೆರೆಯವರಿಗೆ ನಮ್ಮ ಉಸಿರಿನಿಂದ ಕೇಡಾಗದಿರಲೆಂದು ಕಟ್ಟಿಕೊಳ್ಳುವ ಬಟ್ಟೆಯು ಹೊಲಸಲ್ಲ, ಅದು ದಯೆಯ ಬಟ್ಟೆ. ಅದರ ಮೇಲೆ ಒಬ್ಬ ಒಳ್ಳೆಯ ಸ್ತ್ರೀಯ ಮುಖವಿದ್ದರೆ ಆ ಮುಖಕ್ಕೆ ಅವಮಾನವಿಲ್ಲ. ಆದರೆ ದಯೆಯನ್ನು ಹಿಂದಕ್ಕೆ ತಳ್ಳಿ ಚಿತ್ರವನ್ನು ಮುಂದಕ್ಕೆ ತಂದರೆ ಮಾತ್ರ ಅವಮಾನವಾಗುತ್ತದೆ. ಚುನಾವಣೆಯ ದಿವಸಗಳಲ್ಲಿ ನಾಯಕರ ಮುಖವನ್ನು ಅಚ್ಚು ಹಾಕಿದ ಮುಖವಾಡಗಳನ್ನು ಗುಂಪಿಗೆ ಹಂಚಿ, ಸಂಜೆಯ ಹೊತ್ತಿಗೆ ಅವು ಕಾಲ ಕೆಳಗೆ ಬೀಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಕಾಯುವ ಕೆಲಸವಿಲ್ಲ, ತೋರಿಸುವ ಕೆಲಸ ಮಾತ್ರ. ನಮ್ಮ ಶಾಲೆಯಿಂದ ಹೊರಡುವ ವಸ್ತುವು ಆ ಜಾತಿಗೆ ಸೇರಬಾರದು.

ಹಾಗಾದರೆ ಬಟ್ಟೆಯು ಮೊದಲು ತನ್ನ ಕೆಲಸವನ್ನು ಮಾಡಬೇಕು. 2020ರ ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಬಟ್ಟೆಯ ಮುಖಗವಸಿಗೆ ಮೂರು ಪದರಗಳಿರಬೇಕೆಂದು ತಿಳಿಸಿದರು. ಬಾಯಿಗೆ ತಾಗುವ ಒಳಪದರವು ತೇವವನ್ನು ಹೀರುವ ಹತ್ತಿಯದಾಗಿರಬೇಕು. ನಡುವಿನದು ಸಣ್ಣ ಹನಿಗಳನ್ನು ತಡೆಯುವಂಥ, ನೇಯದೆ ಮಾಡಿದ ಪಾಲಿಪ್ರೊಪಿಲೀನ್ ಬಟ್ಟೆಯಾದರೆ ಒಳ್ಳೆಯದು. ಹೊರಪದರವು ನೀರನ್ನು ಹೀರದ ಪಾಲಿಯೆಸ್ಟರಿನಂಥದಾಗಿರಬೇಕು. ಚಿತ್ರ ಬರುವುದು ಈ ಹೊರಪದರದ ಮೇಲೆ. ಇಲ್ಲಿಯೇ ಜಾಗರೂಕತೆ ಬೇಕು. ಅಂಗಿಗಳ ಮೇಲೆ ಹಾಕುವಂಥ, ಮುಟ್ಟಿದರೆ ರಬ್ಬರಿನಂತೆ ಕೈಗೆ ಹತ್ತುವ ದಪ್ಪ ಬಣ್ಣದ ಅಚ್ಚು ಬಟ್ಟೆಯ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಆಗ ಉಸಿರು ಬಟ್ಟೆಯ ಮೂಲಕ ಹೋಗಲಾರದೆ ಕೆನ್ನೆಯ ಪಕ್ಕಗಳಿಂದ ನುಸುಳಿ ಹೊರಬರುತ್ತದೆ. ಅಂದರೆ ಚಿತ್ರವು ಎಷ್ಟು ದೊಡ್ಡದೋ ಕಾವಲು ಅಷ್ಟು ಸಣ್ಣದಾಯಿತು. ಪಾಲಿಯೆಸ್ಟರಿನ ನೂಲಿನೊಳಕ್ಕೆ ಶಾಖದಿಂದ ಇಳಿಸುವ ಬಣ್ಣವಾಗಲಿ, ಹತ್ತಿಯ ನೂಲಿಗೆ ಹಿಡಿಯುವ ಬಣ್ಣವಾಗಲಿ ಹಾಗೆ ಮಾಡುವುದಿಲ್ಲ; ಬೆರಳಿನಿಂದ ಸವರಿದರೆ ಚಿತ್ರವಿದ್ದ ಕಡೆಯೂ ಇಲ್ಲದ ಕಡೆಯೂ ಒಂದೇ ಸಮನಾಗಿರುತ್ತದೆ. ಕೊಳ್ಳುವವರು ಕಣ್ಣಿಗಿಂತ ಮೊದಲು ಬೆರಳನ್ನು ನಂಬಬೇಕೆಂಬುದು ನಮ್ಮ ಸಲಹೆ.

ಹೊಲಿಯುವವರಿಗೆ ಗೊತ್ತಿರುವ ಇನ್ನೊಂದು ಸಂಗತಿಯನ್ನು ಚಿತ್ರ ಆರಿಸುವವರು ಮರೆಯುತ್ತಾರೆ. ನೆರಿಗೆ ಹಿಡಿದ ಮುಖಗವಸಿನಲ್ಲಿ ಮೂರು ಮಡಿಕೆಗಳಿರುವುದರಿಂದ ಮಡಿಕೆಯೊಳಗೆ ಚಿತ್ರದ ಮೂಗು ಮಾಯವಾಗಿ, ಹಣೆಯು ತುಟಿಯ ಮೇಲೆ ಬಂದು ಕೂರುತ್ತದೆ. ಬಟ್ಟಲಿನಾಕಾರದ ಮುಖಗವಸಿನಲ್ಲಿ ನಡುವೆಯೇ ಒಂದು ಹೊಲಿಗೆ ಬರುತ್ತದೆ. ನಡುವೆ ಇಟ್ಟ ಮುಖವು ಹಣೆಯಿಂದ ಗಲ್ಲದವರೆಗೆ ಸೀಳಿಹೋಗುತ್ತದೆ. ಮಾನ್ಯರ ಮುಖಕ್ಕೆ ಅವಮಾನವೆಂದರೆ ನಿಜವಾಗಿ ಇದೇ. ಆದುದರಿಂದ ಭಾವಚಿತ್ರವನ್ನು ಹಾಕುವುದಾದರೆ ಅದನ್ನು ಒಂದು ಕೆನ್ನೆಯ ಪಕ್ಕಕ್ಕೆ, ಮಡಿಕೆಗೂ ಹೊಲಿಗೆಗೂ ಸಿಗದಂತೆ, ಪದಕದಷ್ಟು ಸಣ್ಣದಾಗಿ ಇಡಬೇಕು. ಹೀಗೆ ಮಾಡಿದರೆ ಚಿತ್ರವೂ ಉಳಿಯುತ್ತದೆ, ಉಸಿರಿಗೆ ಬೇಕಾದ ಬಟ್ಟೆಯೂ ಬಯಲಾಗಿ ಉಳಿಯುತ್ತದೆ.

ಬಟ್ಟೆಯ ಮಾತು ಮುಗಿಯಿತು. ಇನ್ನು ಯಾರ ಮುಖವೆಂಬ ಪ್ರಶ್ನೆ.

ಪೇಟೆಯಲ್ಲಿ ಬಿಕರಿಯಾದ ಮುಖಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು. ಒಂದು ನಾವು ಆಗಲೇ ಹೇಳಿದ ಮೋನಾ ಲಿಸಾಳದು. ಆಕೆ ಫ್ಲಾರೆನ್ಸ್ ಪಟ್ಟಣದ ವರ್ತಕನೊಬ್ಬನ ಹೆಂಡತಿ ಲಿಸಾ ಗೆರಾರ್ದಿನಿ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಇನ್ನೊಂದು ಹಾಲೆಂಡಿನ ವರ್ಮೀರನು 1665ರ ಸುಮಾರಿನಲ್ಲಿ ಬರೆದ ಮುತ್ತಿನ ಓಲೆಯ ಹುಡುಗಿಯದು. ಹೇಗ್ ಪಟ್ಟಣದ ಚಿತ್ರಶಾಲೆಯಲ್ಲಿರುವ ಈ ಹುಡುಗಿಯ ಓಲೆ ಲೋಕಕ್ಕೆಲ್ಲ ಗೊತ್ತು, ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಹೆಸರಿಲ್ಲದ ಮುಖವನ್ನು ಜನರು ಎಷ್ಟು ಸುಲಭವಾಗಿ ಮೆಚ್ಚುತ್ತಾರೆ! ಕೇಳಬೇಕಾದ ಪ್ರಶ್ನೆಯಿಲ್ಲ, ತೀರಿಸಬೇಕಾದ ಋಣವಿಲ್ಲ. ಆದರೆ ಹೆಣ್ಣುಮಕ್ಕಳನ್ನು ಓದಿಸುವುದಕ್ಕಾಗಿಯೇ ಹುಟ್ಟಿದ ಶಾಲೆಯು ಹೆಸರಿಲ್ಲದ ಹೆಣ್ಣಿನ ಮುಖದಿಂದ ತೃಪ್ತಿಪಡಬಾರದೆಂದು ನಮಗೆ ತೋರುತ್ತದೆ. ಹಾಲೆಂಡಿನವರೆಗೆ ಹೋಗುವ ಅವಶ್ಯಕತೆಯೂ ಇಲ್ಲ. ನಮ್ಮ ಮೈಸೂರು ಸೀಮೆಯದೇ ಆದ ಒಂದು ಭಾವಚಿತ್ರವುಂಟು. ಅದಕ್ಕೂ ರೋಗನಿವಾರಣೆಗೂ ಇರುವ ಸಂಬಂಧವನ್ನು ಕೇಳಿದರೆ ವಾಚಕರು ಆಶ್ಚರ್ಯಪಟ್ಟಾರು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಸಿಂಹಾಸನವನ್ನೇರಿದರು. ಆ ಯುದ್ಧದ ಕಾಲದಲ್ಲಿ ಈ ಸೀಮೆಗೆ ಬಂದ ತಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಗಾರನು ಇಲ್ಲಿಯ ಅನೇಕ ಗಣ್ಯರ ಭಾವಚಿತ್ರಗಳನ್ನು ಬರೆದನು. ದಿವಾನ್ ಪೂರ್ಣಯ್ಯನವರ ಚಿತ್ರವೂ ಅವುಗಳಲ್ಲಿ ಒಂದು. ಅವನು 1805ರ ಸುಮಾರಿನಲ್ಲಿ ಬರೆದುದೆಂದು ಹೇಳಲಾಗುವ ತೈಲಚಿತ್ರವೊಂದರಲ್ಲಿ ಮೂವರು ಸ್ತ್ರೀಯರು ಆಭರಣಗಳನ್ನಿಟ್ಟು, ಜರಿಯ ಸೀರೆಗಳನ್ನುಟ್ಟು ನಿಂತಿದ್ದಾರೆ. ಬಹುಕಾಲದವರೆಗೆ ಇವರಾರೆಂಬುದು ತಿಳಿದಿರಲಿಲ್ಲ. ನಾಟ್ಯದ ಹೆಂಗಸರಿರಬೇಕೆಂದು ನೋಡಿದವರು ಊಹಿಸಿ ಸುಮ್ಮನಾಗಿದ್ದರು. 2007ರಲ್ಲಿ ಈ ಚಿತ್ರವು ಲಂಡನ್ನಿನ ಸಾದಬೀಸ್ ಎಂಬ ಹರಾಜು ಸಂಸ್ಥೆಯ ಮೂಲಕ ಮಾರಾಟಕ್ಕೆ ಬಂತು. ಮೈಸೂರಿನ ಚರಿತ್ರೆಯನ್ನು ಅಭ್ಯಾಸ ಮಾಡಿದ ಕೇಂಬ್ರಿಜ್ಜಿನ ವಿದ್ವಾಂಸರಾದ ನೈಜಲ್ ಚಾನ್ಸಲರ್ ಎಂಬವರು ಇದನ್ನು ಪರಿಶೀಲಿಸಿ, ಇವರು ನಾಟ್ಯದವರಲ್ಲ, ಮೈಸೂರಿನ ರಾಣಿಯರೆಂದು ವಾದಿಸಿದರು. ಈ ವಾದವು 2020ರಲ್ಲಿ, ಲೋಕವೆಲ್ಲ ಲಸಿಕೆಗಾಗಿ ಕಾದು ಕುಳಿತಿದ್ದಾಗ, ವೃತ್ತಪತ್ರಿಕೆಗಳ ಮೂಲಕ ಸಾಮಾನ್ಯ ಜನರಿಗೂ ತಿಳಿಯಿತು.

ಚಾನ್ಸಲರ್‌ರವರು ಹೇಳುವುದೇನೆಂದರೆ: ಬಲಗಡೆ ನಿಂತಿರುವವರು ಕಿರಿಯ ರಾಣಿ ದೇವಾಜಮ್ಮಣ್ಣಿಯವರು. ಸೆರಗಿನಿಂದ ಮುಚ್ಚಿರಬೇಕಾಗಿದ್ದ ಅವರ ಎಡತೋಳು ಬಯಲಾಗಿದೆ. ಅವರು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಮರ್ಯಾದೆಗೆ ಕುಂದಿಲ್ಲದಂತೆ ತೋರಿಸುತ್ತಿದ್ದಾರೆ. ಎಡಗಡೆ ನಿಂತಿರುವವರು ಹಿರಿಯ ರಾಣಿ. ಅವರ ಹೆಸರೂ ದೇವಾಜಮ್ಮಣ್ಣಿಯೇ. ಅವರ ಮೂಗಿನ ಕೆಳಗೂ ಬಾಯ ಸುತ್ತಲೂ ಚರ್ಮದ ಬಣ್ಣ ಮಾಸಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದ ಹಳೆಯ ಪದ್ಧತಿಯ ಗುರುತು ಅದು. ನಡುವೆ ನಿಂತಿರುವವರು ರಾಜಮನೆತನದ ಹಿರಿಯರಾದ ಲಕ್ಷ್ಮಮ್ಮಣ್ಣಿಯವರು. ಹಳೆಯ ಪದ್ಧತಿಯಲ್ಲಿ ರೋಗವೇ ಉಲ್ಬಣಿಸಿ ಪ್ರಾಣಕ್ಕೆ ಎರವಾಗುವ ಭಯವಿತ್ತು. ಅದು ಇತರರಿಗೆ ಹರಡುವ ಭಯವೂ ಇತ್ತು. ಎಡ್ವರ್ಡ್ ಜೆನ್ನರನು 1796ರಲ್ಲಿ ಪರೀಕ್ಷಿಸಿ 1798ರಲ್ಲಿ ಪ್ರಕಟಿಸಿದ ಹೊಸ ಪದ್ಧತಿಯು ಹಸುವಿನ ಸಿಡುಬಿನ ಕೀವಿನಿಂದ ಮಾಡುವಂಥದು. ಅದರಲ್ಲಿ ಈ ಭಯಗಳಿರಲಿಲ್ಲ. ಹಿಂದೂದೇಶದಲ್ಲಿ ಅದನ್ನು ಮೊದಲು ಹಾಕಿಸಿಕೊಂಡವಳು ಮುಂಬಯಿಯಲ್ಲಿದ್ದ ಮೂರು ವರ್ಷದ ಹೆಣ್ಣುಮಗು, ಆನ್ನಾ ಡಸ್ಟ್‌ಹಾಲ್. ತಾರೀಖು 1802ನೆಯ ಇಸವಿ ಜೂನ್ 14. ಶೀತದಲ್ಲಿ ಕಾಪಾಡುವ ಸಾಧನಗಳಿಲ್ಲದ ಆ ಕಾಲದಲ್ಲಿ ಲಸಿಕೆಯು ಮಕ್ಕಳ ತೋಳಿನಿಂದ ತೋಳಿಗೆ ದಾಟಿಕೊಂಡೇ ಊರಿನಿಂದ ಊರಿಗೆ ಹೋಗಬೇಕಾಗಿತ್ತು. ಬೇರೆಯವರ ಮೈಯ ಕೀವನ್ನು ತಮ್ಮ ಮಕ್ಕಳ ಮೈಗೆ ಸೇರಿಸಲು ಜನರು ಹಿಂಜರಿದುದು ಆಶ್ಚರ್ಯವಲ್ಲ. ರಾಣಿಯೇ ಹಾಕಿಸಿಕೊಂಡರೆಂದು ಕೇಳಿ ಮೈಸೂರಿನ ಜನರು ಧೈರ್ಯದಿಂದ ಮುಂದೆ ಬಂದರೆಂದು 1806ರ ಬರೆಹವೊಂದರಿಂದ ತಿಳಿಯುತ್ತದೆಂದು ಅದೇ ವಿದ್ವಾಂಸರು ಹೇಳುತ್ತಾರೆ. ಆ ಸಿಡುಬು ಲೋಕದಿಂದಲೇ ತೊಲಗಿತೆಂದು 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಸಾರಿದರು.

ಮುಖಗವಸಿನ ಮೇಲೆ ಒಂದು ಭಾವಚಿತ್ರವಿರಬೇಕೆಂದರೆ ಇದಕ್ಕಿಂತ ಯೋಗ್ಯವಾದುದು ನಮ್ಮ ಸೀಮೆಯಲ್ಲಿ ಮತ್ತೊಂದುಂಟೇ? ಉಳಿದ ಭಾವಚಿತ್ರಗಳು ರೋಗ ತಡೆಯುವ ಬಟ್ಟೆಯ ಮೇಲೆ ಅತಿಥಿಗಳಂತೆ ಬಂದು ಕುಳಿತಿವೆ. ಇದಾದರೋ, ಚಾನ್ಸಲರ್‌ರವರ ಮಾತು ನಿಜವಾದ ಪಕ್ಷದಲ್ಲಿ, ತಾನೇ ಒಂದು ಕಾವಲಿನ ಬಟ್ಟೆ. ಕ್ಯಾನ್‌ವಾಸಿನ ಮೇಲೆ ಬರೆದ ಮೂರು ಮುಖಗಳು ಸಾವಿರಾರು ಮಕ್ಕಳ ಮುಖಗಳನ್ನು ಸಿಡುಬಿನ ಕಲೆಯಿಂದ ಕಾಪಾಡಲು ನಿಂತುವು.

ಆದರೆ ಪೂರ್ಣ ಸತ್ಯವನ್ನು ಹೇಳದೆ ಬರಿಯ ಹೊಗಳಿಕೆಯಲ್ಲಿ ನಿಲ್ಲುವುದು ಶಾಲೆಗೆ ತಕ್ಕುದಲ್ಲ. ಈ ಚಿತ್ರವನ್ನು ಬರೆಸಿದವರು ಈಸ್ಟ್ ಇಂಡಿಯಾ ಕಂಪನಿಯವರೆಂದೂ, ಲಸಿಕೆಯ ಪ್ರಚಾರವೇ ಅವರ ಉದ್ದೇಶವಾಗಿತ್ತೆಂದೂ ಚಾನ್ಸಲರ್‌ರವರೇ ಹೇಳುತ್ತಾರೆ. 1805ರಲ್ಲಿ ಮದುವೆಯಾಗಿ ಬಂದಾಗ ಕಿರಿಯ ದೇವಾಜಮ್ಮಣ್ಣಿಗೆ ಹನ್ನೆರಡು ವರ್ಷ. ನಮ್ಮಲ್ಲಿ ಏಳನೆಯ ತರಗತಿಯಲ್ಲಿ ಕುಳಿತುಕೊಳ್ಳುವ ಹುಡುಗಿಯ ವಯಸ್ಸು. ನಿನ್ನ ತೋಳನ್ನು ತೋರಿಸುವೆಯಾ, ನಿನ್ನ ಮುಖವನ್ನು ಬರೆಯಬಹುದೇ ಎಂದು ಆಕೆಯನ್ನು ಯಾರಾದರೂ ಕೇಳಿದರೇ? ಒಳ್ಳೆಯ ಕಾರ್ಯಕ್ಕಾಗಿಯೇ ಆದರೂ, ಹೆಣ್ಣುಮಗುವಿನ ಮುಖವನ್ನು ದೊಡ್ಡವರು ತಮ್ಮ ಉದ್ದೇಶಕ್ಕೆ ಉಪಯೋಗಿಸಿದರು. ಆಮೇಲೆ ಅವರ ಹೆಸರುಗಳೇ ಅಳಿಸಿಹೋದುವು. ನೋಡಿದವರು ತಮಗೆ ತೋಚಿದ ಹೆಸರನ್ನು ಕಟ್ಟಿದರು. ಅವರನ್ನು ಅವರ ಹೆಸರಿನಿಂದ ಕರೆಯಲು ಎರಡು ಶತಮಾನಗಳೇ ಬೇಕಾದುವು. ಮುಖವೊಂದನ್ನು ಸಾವಿರ ಪ್ರತಿಗಳಾಗಿ ಅಚ್ಚು ಹಾಕುವವರು ಈ ಸಂಗತಿಯನ್ನು ಎದೆಗೆ ತಂದುಕೊಳ್ಳಬೇಕು.

ಇದರಿಂದ ನಮ್ಮ ಶಾಲೆಗೆ ಎರಡು ನಿಯಮಗಳು ಹುಟ್ಟುತ್ತವೆ. ಮೊದಲನೆಯದು, ಯಾವ ಮುಖವನ್ನು ಅಚ್ಚು ಹಾಕಿದರೂ ಆಕೆಯ ಹೆಸರೂ, ಚಿತ್ರಗಾರನ ಹೆಸರೂ, ವರ್ಷವೂ ಅದೇ ಬಟ್ಟೆಯ ಅಂಚಿನಲ್ಲಿರಬೇಕು. ಹೆಸರಿಗೆ ಸ್ಥಳವಿಲ್ಲವಾದರೆ ಮುಖಕ್ಕೂ ಸ್ಥಳವಿಲ್ಲ. ಎರಡನೆಯದು, ಈಗ ಓದುತ್ತಿರುವ ಹುಡುಗಿಯರ ಮುಖಗಳನ್ನು ಮುಖಗವಸಿನ ಮೇಲಾಗಲಿ, ಜಾಹೀರಾತಿನ ಹಲಗೆಯ ಮೇಲಾಗಲಿ, ಶಾಲೆಯ ಕೀರ್ತಿಗಾಗಿಯೇ ಆದರೂ, ಆ ಹುಡುಗಿಯ ಒಪ್ಪಿಗೆಯೂ ಮಾತಾಪಿತೃಗಳ ಒಪ್ಪಿಗೆಯೂ ಇಲ್ಲದೆ ಹಾಕಬಾರದು. ಮಾತಾಪಿತೃಗಳ ಒಪ್ಪಿಗೆಯೊಂದೇ ಸಾಲದೇ ಎಂದು ಕೇಳುವವರಿಗೆ ನಾವು ಕೊಡುವ ಉತ್ತರವಿಷ್ಟೇ: ಮುಖವು ಅವಳದು.

ಇನ್ನು ಹೊಲಿಯುವ ಕೈಗಳ ವಿಷಯ. ಭಾವಚಿತ್ರದಲ್ಲಿ ಮುಖ ಕಾಣುತ್ತದೆ; ಹೊಲಿದವಳ ಮುಖ ಎಲ್ಲಿಯೂ ಕಾಣುವುದಿಲ್ಲ. 2020ರ ಜೂನ್ 25ರಿಂದ ಜುಲೈ ತಿಂಗಳ ಮೊದಲವರೆಗೆ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯಿತು. ಎಂಟು ಲಕ್ಷಕ್ಕೆ ಮಿಕ್ಕ ವಿದ್ಯಾರ್ಥಿಗಳು ಆ ಭಯದ ದಿವಸಗಳಲ್ಲಿ ಮುಖಗವಸು ಕಟ್ಟಿಕೊಂಡು ಪರೀಕ್ಷೆಯ ಕೊಠಡಿಗಳಿಗೆ ಹೋದರು. ಆ ಮಕ್ಕಳಿಗಾಗಿ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯವರು ಮುಖಗವಸುಗಳನ್ನು ಸಿದ್ಧಮಾಡಿಸಿದರು. ಹಳ್ಳಿಗಳ ಸ್ತ್ರೀಶಕ್ತಿ ಗುಂಪುಗಳೂ, ಪರಪ್ಪನ ಅಗ್ರಹಾರದ ಸೆರೆಮನೆಯಲ್ಲಿದ್ದವರೂ ಸಹ ಆ ವರ್ಷ ಹೊಲಿದರು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ನಿಂತುಹೋಗಿ ಕೂಲಿಯಿಲ್ಲದೆ ಕುಳಿತ ಹೆಂಗಸರಲ್ಲಿ ಎಷ್ಟೋ ಮಂದಿ ಮನೆಯಲ್ಲಿಯೇ ಮುಖಗವಸು ಹೊಲಿದು ಬೀದಿಯ ಬದಿಯಲ್ಲಿ ಮಾರಿದರು. ಅವರ ಹೆಸರುಗಳು ಯಾವ ಬಟ್ಟೆಯ ಅಂಚಿನಲ್ಲಿಯೂ ಇಲ್ಲ. ಯೊಪ್ಪ ಪಟ್ಟಣದಲ್ಲಿ ತಬಿಥಾ ಎಂಬ ದೊರ್ಕಳು ಸತ್ತಾಗ, ವಿಧವೆಯರು ಅಳುತ್ತಾ ನಿಂತು, ಆಕೆ ತಮ್ಮೊಂದಿಗಿದ್ದಾಗ ಹೊಲಿದುಕೊಟ್ಟ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿದ ಸಂಗತಿಯನ್ನು ನಾವು ಭಾನುವಾರದ ಶಾಲೆಯಲ್ಲಿ ಓದಿದ್ದೇವೆ. ಆಕೆಯ ಭಾವಚಿತ್ರವನ್ನು ಯಾರೂ ಬರೆದಿಟ್ಟಿರಲಿಲ್ಲ. ಆ ಹೊಲಿಗೆಯೇ ಆಕೆಯ ಭಾವಚಿತ್ರವಾಯಿತು. ಮಿಶನ್ ಶಾಲೆಗಳಲ್ಲಿ ಓದಿನ ಜೊತೆಗೆ ಹೊಲಿಗೆಯನ್ನು ಕಲಿಸಿದ ಹಿರಿಯರ ಮನಸ್ಸಿನಲ್ಲಿ ಈ ದೊರ್ಕಳಿದ್ದಳೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದಕಾರಣ, ಪೇಟೆಯಲ್ಲಿ ಅಗ್ಗವಾಗಿ ಸಿಕ್ಕುವ ಸಿದ್ಧ ಮುಖಗವಸುಗಳನ್ನು ತರಿಸಿ ಅವುಗಳ ಮೇಲೆ ಚಿತ್ರ ಒತ್ತಿಸುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಹೊಲಿಗೆಯಿಂದ ಜೀವನ ಮಾಡುತ್ತಿರುವ ಹಳೆಯ ವಿದ್ಯಾರ್ಥಿನಿಯರಿಂದಲೂ ವಿದ್ಯಾರ್ಥಿನಿಯರ ತಾಯಂದಿರಿಂದಲೂ ಅವು ಹೊಲಿಸಲ್ಪಡಲಿ. ನ್ಯಾಯವಾದ ಕೂಲಿಯನ್ನು ಮೊದಲು ಕೊಟ್ಟು, ಉಳಿದುದನ್ನು ಮಾತ್ರ ಬಡ ಹುಡುಗಿಯರ ನಿಧಿಗೆ ಸೇರಿಸಲಿ. ಒಬ್ಬ ಬಡ ತಾಯಿಯ ಕೂಲಿಯನ್ನು ಕಡಿದು ಮತ್ತೊಬ್ಬ ಬಡ ತಾಯಿಯ ಮಗಳ ಶುಲ್ಕವನ್ನು ಕಟ್ಟುವುದು ಧರ್ಮವೆನಿಸದು. ಹೊಲಿದವರ ಹೆಸರನ್ನು ಒಳಪದರದ ಅಂಚಿನಲ್ಲಿ ಸಣ್ಣದಾಗಿ ದಾರದಿಂದ ಬರೆಯಲು ಅವರು ಇಷ್ಟಪಟ್ಟರೆ ಅದಕ್ಕೆ ಅವಕಾಶವಿರಲಿ.

ರೋಗವು ಹಿಂಜರಿದ ಮೇಲೆ ಮುಖಗವಸೇಕೆಂಬ ಕೊನೆಯ ಪ್ರಶ್ನೆ ಉಳಿದಿದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಆ ವ್ಯಾಧಿಯ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದರು. ನಮ್ಮ ಹುಡುಗಿಯರು ಈಗ ಬಾಯಿ ತೆರೆದು ನಗುತ್ತಾರೆ, ಹಾಡುತ್ತಾರೆ. ಅದಕ್ಕಾಗಿ ದೇವರಿಗೆ ಸ್ತೋತ್ರ. ಕೇಳಲಾರದ ಮಕ್ಕಳು ಉಪಾಧ್ಯಾಯಿನಿಯರ ತುಟಿಯ ಚಲನೆಯನ್ನು ಕಾಣಲಾರದೆ ಆ ಎರಡು ವರ್ಷ ಪಟ್ಟ ಕಷ್ಟವನ್ನು ಬಲ್ಲವರು, ಮುಖಗವಸು ಎಂದೆಂದಿಗೂ ಇರಲಿ ಎನ್ನಲಾರರು. ಆದರೂ ಅದರ ಕೆಲಸ ಪೂರ್ತಿಯಾಗಿ ತೀರಿಲ್ಲ. ಕೆಮ್ಮು ನೆಗಡಿಯಾದಾಗ ವೃದ್ಧರಿರುವ ಮನೆಗೆ ಹೋಗುವವರಿಗೂ, ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾದು ಕುಳಿತುಕೊಳ್ಳುವವರಿಗೂ ಅದು ಬೇಕು. ಕ್ಷಯರೋಗಿಗಳ ಶುಶ್ರೂಷೆ ಮಾಡುವವರಿಗೆ ಮಾತ್ರ ನಮ್ಮ ಬಟ್ಟೆ ಸಾಲದು. ವೈದ್ಯರು ಹೇಳುವ ಬಿಗಿಯಾದ ಮುಖಗವಸೇ ಬೇಕೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಯಾರಾದರೂ ಮುಖಗವಸು ಧರಿಸಿ ಬಸ್ಸಿನಲ್ಲಿ ಕುಳಿತರೆ ಇಂದು ಪಕ್ಕದವರು ಭಯಪಡುತ್ತಾರೆ, ಇಲ್ಲವೆ ನಗುತ್ತಾರೆ. ಅಂಚಿನಲ್ಲಿ ದೇವಾಜಮ್ಮಣ್ಣಿಯವರ ಸಣ್ಣ ಮುಖವಿರುವ ಬಟ್ಟೆಯನ್ನು ಕಂಡು, ಇವರಾರಮ್ಮಾ ಎಂದು ಯಾರಾದರೂ ಕೇಳಿದರೆ, ಭಯವೂ ನಗೆಯೂ ಇದ್ದ ಜಾಗದಲ್ಲಿ ಒಂದು ಮಾತುಕತೆ ಹುಟ್ಟೀತು. ಭಾವಚಿತ್ರದಿಂದ ಆಗಬಹುದಾದ ಉಪಕಾರ ಅಷ್ಟೇ, ಅಷ್ಟೇ ಸಾಕು.

ಹೀಗೆ ಎಲ್ಲವನ್ನೂ ಕೂಡಿಸಿ ನೋಡಿದಾಗ, ಸೂಚನೆಯನ್ನು ಅಂಗೀಕರಿಸಬಹುದೆಂಬುದೇ ನಮ್ಮ ಅಭಿಪ್ರಾಯ. ಆದರೆ ಸಾವಿರಗಟ್ಟಲೆ ಬೇಡ. ಧರಿಸುವವರಿಗೆ ಬೇಕಾಗುವಷ್ಟು ಮಾತ್ರ ಮಾಡಿಸಲಿ. ಗೋಡೆಗೆ ತೂಗುಹಾಕಲ್ಪಡುವ ಮುಖಗವಸು ಮುಖಗವಸಲ್ಲ. ಚಿತ್ರವನ್ನು ಗೋಡೆಗೆ ಬಯಸುವವರು ಅದನ್ನು ಚೌಕಟ್ಟಿನಲ್ಲಿ ಹಾಕಿಸಿಕೊಳ್ಳುವುದು ಮೇಲು. ಚಿತ್ರವಿಲ್ಲದ ಸಾದಾ ಮುಖಗವಸುಗಳನ್ನು ಸಹ ಅದೇ ಕೈಗಳಿಂದ ಹೊಲಿಸಿ, ಕೊಳ್ಳಲಾರದವರಿಗೆ ಉಚಿತವಾಗಿ ಕೊಡತಕ್ಕದ್ದು. ಚಿತ್ರವುಳ್ಳದ್ದು ಒಂದು ಮಾರಿಹೋದರೆ ಸಾದಾ ಒಂದು ದಾನವಾಗಲಿ.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹವುಂಟು. ನಿಮ್ಮ ಮನೆಯ ಬೀರುವಿನ ಯಾವುದೋ ಮೂಲೆಯಲ್ಲಿ 2020ರ ಒಂದು ಮುಖಗವಸು ಇನ್ನೂ ಮಡಿಚಿಟ್ಟಂತೆ ಇದ್ದೀತು. ಅದರ ಮೇಲೆ ಯಾವ ಚಿತ್ರವೂ ಇರಲಾರದು. ತಾಯಿಯ ಹಳೆಯ ಸೀರೆಯ ತುಂಡಾಗಿರಬಹುದು, ತೀರಿಹೋದ ತಂದೆಯ ಪಂಚೆಯಾಗಿರಬಹುದು. ಅದನ್ನು ಬಿಸಾಡಬೇಡಿರಿ. ಒಗೆದು, ಇಸ್ತ್ರಿ ಮಾಡಿ, ಹೊಲಿದವರಾರು, ಬಟ್ಟೆ ಯಾರದು, ಧರಿಸಿದವರಾರು ಎಂಬ ಮೂರು ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದು ಕೂಟದ ದಿವಸ ತಂದುಕೊಡಿರಿ. ಶಾಲೆಯ ಗಾಜಿನ ಬೀರುವಿನಲ್ಲಿ ಬಹುಮಾನದ ಬಟ್ಟಲುಗಳ ಪಕ್ಕದಲ್ಲಿ ಅವುಗಳನ್ನು ಇಡಲು ನಾವು ಕೋರುತ್ತೇವೆ. ಮೈಸೂರಿನ ಆ ಮೂವರು ರಾಣಿಯರ ಹೆಸರುಗಳನ್ನು ಹುಡುಕಲು ಎರಡು ನೂರು ವರ್ಷಗಳು ಹಿಡಿದುವು. ಅಟ್ಟೂರಿನ ತಾಯಂದಿರ ಹೆಸರುಗಳಿಗೆ ಅಷ್ಟು ಕಾಲ ಹಿಡಿಯಬಾರದು.